ದೋಭಿಯ ಗುರುತು

ವಿನ್‌ಸ್ಟನ್ ಚರ್ಚಿಲ್ ಬೆಂಗಳೂರಿನಲ್ಲಿದ್ದಾಗ ಅವರ ಬಟ್ಟೆ ಒಗೆಯುತ್ತಿದ್ದವರು ಯಾರು?

ನಾಲ್ಕನೇ ಹುಸಾರ್ಸ್ ಅಶ್ವದಳದ ಎಳೆಯ ಅಧಿಕಾರಿಯಾಗಿ ಚರ್ಚಿಲ್ ಇಲ್ಲಿನ ದಂಡಿಗೆ ಬಂದದ್ದು 1896ರಲ್ಲಿ. ಇನ್ನಿಬ್ಬರು ಅಧಿಕಾರಿಗಳ ಜೊತೆಗೂಡಿ ಒಂದು ಬಂಗಲೆಯಲ್ಲಿ ಸಂಸಾರ ಹೂಡಿದರು. ಆ ಮನೆಯ ಆಳುಕಾಳುಗಳ ಲೆಕ್ಕವನ್ನು ತಾಯಿಗೆ ಬರೆದ ಪತ್ರದಲ್ಲಿ ಕೊಟ್ಟಿದ್ದಾರೆ. ಒಬ್ಬೊಬ್ಬರಿಗೂ ಒಬ್ಬ ಬಟ್ಲರ್, ಉಡುಪು ತೊಡಿಸಲು ಹುಡುಗರು, ಕುದುರೆಗೊಬ್ಬ ಸಯೀಸ. ಮೂವರಿಗೂ ಸೇರಿ ಇಬ್ಬರು ತೋಟದವರು, ಮೂವರು ನೀರು ಹೊರುವ ಭಿಸ್ತಿಗಳು, ಒಬ್ಬ ಕಾವಲುಗಾರ ಮತ್ತು ನಾಲ್ವರು ದೋಭಿಗಳು. ಮೂವರ ಬಟ್ಟೆಗೆ ನಾಲ್ವರು! ಆ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಚರ್ಚಿಲ್ ಕ್ಲಬ್ಬಿಗೆ ಉಳಿಸಿಕೊಂಡ 13 ರೂಪಾಯಿ ಬಾಕಿಯ ಕಥೆ ಮಾತ್ರ ಊರಿಗೆಲ್ಲ ಗೊತ್ತು.

ನಾಲ್ವರು ಏಕೆ ಬೇಕಿತ್ತು ಎಂಬುದಕ್ಕೆ 1930ರಲ್ಲಿ ಪ್ರಕಟವಾದ ‘ಮೈ ಅರ್ಲಿ ಲೈಫ್’ ಎಂಬ ಅವರ ಆತ್ಮಕಥೆಯ ದಿನಚರಿಯಲ್ಲಿ ಉತ್ತರವಿದೆ. ಬೆಳಿಗ್ಗೆ ಆರಕ್ಕೆ ಕವಾಯತು. ಹಿಂದಿರುಗಿ ಸ್ನಾನ, ತಿಂಡಿ. ಆಮೇಲೆ ಲಾಯದ ಕೆಲಸ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಐದಕ್ಕೆ ಪೋಲೊ. ಮತ್ತೆ ಬಿಸಿನೀರಿನ ಸ್ನಾನ, ರಾತ್ರಿ ಎಂಟೂವರೆಗೆ ಮೆಸ್ಸಿನಲ್ಲಿ ಊಟ. ಪ್ರತಿ ಹೊತ್ತಿಗೂ ಬೇರೆ ಉಡುಪೆಂದು ಹಿಡಿದರೆ ದಿನಕ್ಕೆ ಮೂರು ನಾಲ್ಕು ಜೊತೆ. ಬೆವರು, ಕೆಂಪುಮಣ್ಣಿನ ಧೂಳು ಬೇರೆ. ಆರು ಸಾವಿರ ಮೈಲಿ ದೂರದಿಂದ ಬಂದು ವರ್ಷಗಟ್ಟಲೆ ಇರಬೇಕಾದ ದೊರೆಗೆ ಗಂಜಿ ಹಾಕಿದ ಬಿಳಿ ಅಂಗಿ ಎಂದರೆ ಅಧಿಕಾರದ ಒಂದು ಭಾಗ. ಆ ಬಿಳುಪನ್ನು ಕಾಯುತ್ತಿದ್ದವನು ದೋಭಿ.

ನಮ್ಮ ಮಾತಿನಲ್ಲಿ ಅವರು ಮಡಿವಾಳರು. ದಂಡಿನಲ್ಲಿ ದೋಭಿ ಆದರು. ಆಂಗ್ಲೊ-ಇಂಡಿಯನ್ ಪದಗಳ ಕೋಶವಾದ ‘ಹಾಬ್ಸನ್-ಜಾಬ್ಸನ್’ 1886ರಲ್ಲೇ ಈ ಪದವನ್ನು ಸೇರಿಸಿಕೊಂಡಿತು. ಬ್ರಿಟಿಷ್ ನೌಕಾಪಡೆಯವರ ಆಡುಮಾತಿನಲ್ಲಿ ಬಟ್ಟೆ ಒಗೆಯುವುದಕ್ಕೆ ಈಗಲೂ ‘ದೋಭಿ’ ಎನ್ನುತ್ತಾರೆ.

ದೊರೆಗಳ ಕಣ್ಣಿಗೆ ಬೀಳುತ್ತಿದ್ದದ್ದು ಬಟ್ಟೆಯನ್ನು ಬಂಡೆಗೆ ಬಡಿಯುವ ದೃಶ್ಯ ಮಾತ್ರ. ಅಂಗಿಯಿಂದ ಕಲ್ಲು ಒಡೆಯುತ್ತಿದ್ದಾರೆ ಎಂಬುದು ಅವರ ಹಳೇ ನಗೆಚಾಟಿಕೆ. ಬಂಡೆಗೆ ಬರುವ ಮೊದಲಿನ ಕೆಲಸವನ್ನು ಅವರು ನೋಡಿದಂತಿಲ್ಲ. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಬಾನಿಯ ಮೇಲೆ ಸುತ್ತಿಟ್ಟು, ಕೆಳಗೆ ಉರಿ ಹಾಕಿ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಚೌಳಿನಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ, ಹಬೆ ಎಳೆಯೊಳಗಿನ ಕೊಳೆಯನ್ನು ಸಡಿಲಿಸುತ್ತದೆ. ಅನಂತರ ಬಂಡೆ, ಕೆರೆಯ ನೀರು, ಬಿಸಿಲು. ಬಿಳಿ ಬಟ್ಟೆಗೆ ನೀಲಿ, ಕಾಲರಿಗೆ ಗಂಜಿ, ಕೊನೆಗೆ ಕೆಂಡದ ಇಸ್ತ್ರಿ ಪೆಟ್ಟಿಗೆ. ಗುಂಡಿ ಮುರಿಯುತ್ತಿತ್ತು ಎಂಬ ದೂರು ಸುಳ್ಳಿರಲಾರದು. ಆದರೆ ಸೋಡಾ ಪುಡಿಯ ಪೊಟ್ಟಣವಿಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಆ ದೊರೆಗಳಲ್ಲೂ ಇರಲಿಲ್ಲವೆಂದೇ ನನ್ನ ಅನಿಸಿಕೆ.

ಹತ್ತಾರು ಮನೆಗಳ ಬಿಳಿ ಅಂಗಿಗಳು ಒಂದೇ ಬಾನಿಗೆ ಬಿದ್ದರೆ ಯಾರದು ಯಾವುದು ಎಂದು ತಿಳಿಯುವುದು ಹೇಗೆ? ಇಲ್ಲಿದೆ ದೋಭಿಯ ನಿಜವಾದ ವಿದ್ಯೆ. ಕಾಲರಿನ ಒಳಗೋ ಅಂಗಿಯ ಅಂಚಿನಲ್ಲೋ ಒಂದು ಚುಕ್ಕಿ, ಎರಡು ಗೀಟು, ಒಂದು ಕತ್ತರಿ ಗುರುತು. ಮನೆಗೊಂದು ಚಿಹ್ನೆ. ದಂಡಿನ ಕೇರಿಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಎಲ್ಲವೂ ನಡೆಯುತ್ತಿದ್ದವು. ಈ ಗುರುತುಗಳಿಗೆ ಭಾಷೆಯ ಹಂಗಿರಲಿಲ್ಲ. ಓದು ಬಾರದವರು ಎಂದು ಕರೆಸಿಕೊಂಡವರು ತಮಗಾಗಿ ಮಾಡಿಕೊಂಡ ಬರವಣಿಗೆ ಇದು.

ಇದಕ್ಕೆ ಬೇಕಾದ ಶಾಯಿ ಮರದಿಂದ ಸಿಗುತ್ತಿತ್ತು. ಕರಿಗೇರು ಅಥವಾ ಭಲ್ಲಾತಕವೆಂಬ ಮರದ ಕಾಯಿಗೆ ಸೂಜಿ ಚುಚ್ಚಿದರೆ ಅಂಟಾದ ರಸ ಬರುತ್ತದೆ. ಅದರಿಂದ ಗುರುತು ಹಾಕಿ ಸುಣ್ಣ ತಾಗಿಸಿದರೆ ಕಪ್ಪಾಗಿ ನಿಲ್ಲುತ್ತದೆ. ಉಬ್ಬೆಗೆ ಹಾಕಿದರೂ ಹೋಗದು.

ಈ ಶಾಯಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸುದ್ದಿಯಾಯಿತು. ಆಗ ಬೆಂಗಳೂರಿಗೆ ಮತ್ತೊಂದು ಅಲೆಯಲ್ಲಿ ಪರದೇಶದವರು ಬಂದಿದ್ದರು. ಯಲಹಂಕದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಾಯುನೆಲೆ ಹೂಡಿತು. 1944ರಲ್ಲಿ ಅದರ ಹಲವು ಸ್ಕ್ವಾಡ್ರನ್‌ಗಳು ಅಲ್ಲಿ ಥಂಡರ್‌ಬೋಲ್ಟ್ ವಿಮಾನ ಹಾರಿಸಲು ಕಲಿತು ಬರ್ಮಾ ರಣರಂಗಕ್ಕೆ ತೆರಳಿದವು. ಊರಿನ ಇನ್ನೊಂದು ತುದಿಯಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಿಂದ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಗಿತ್ತು. ಸೇನೆ ಎಲ್ಲಿ ಬೀಡುಬಿಟ್ಟರೂ ಹಿಂದೆ ಅಡುಗೆಯವರು, ಕ್ಷೌರಿಕರು, ದೋಭಿಗಳು.

ಭಾರತದಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ ವಿಚಿತ್ರವಾದ ಚರ್ಮರೋಗ ಕಾಣಿಸಿಕೊಂಡಿತು. ಕತ್ತಿನ ಹಿಂಭಾಗದಲ್ಲೋ ಸೊಂಟದಲ್ಲೋ ಸಣ್ಣದೊಂದು ಜಾಗದಲ್ಲಿ ತುರಿಕೆ, ಗುಳ್ಳೆ, ಉರಿ. ಸೇನಾ ವೈದ್ಯರು ಪರೀಕ್ಷಿಸಿದಾಗ ಗುಳ್ಳೆ ಎದ್ದ ಜಾಗಕ್ಕೆ ಸರಿಯಾಗಿ ಬಟ್ಟೆಯ ಮೇಲೆ ದೋಭಿಯ ಗುರುತಿತ್ತು! ಈ ವಿವರ 1943ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರಿಗೇರಿನ ರಸದಲ್ಲಿರುವ ರಾಸಾಯನಿಕಗಳು ಅಮೆರಿಕದ ಕಾಡುಗಳಲ್ಲಿ ಬೆಳೆಯುವ ‘ಪಾಯ್ಸನ್ ಐವಿ’ ಎಂಬ ನಂಜಿನ ಬಳ್ಳಿಯ ರಾಸಾಯನಿಕಗಳಿಗೆ ಹತ್ತಿರದ ನೆಂಟರು. ಗೋಡಂಬಿ, ಮಾವು ಕೂಡ ಅದೇ ಕುಟುಂಬ. ಊರಲ್ಲೇ ಆ ಬಳ್ಳಿ ಮುಟ್ಟಿ ಒಗ್ಗದ ಮೈಯಾಗಿದ್ದವರಿಗೆ ಇಲ್ಲಿನ ಒಂದು ಚುಕ್ಕಿ ಶಾಯಿಯೇ ಸಾಕಾಗಿತ್ತು.

ಇಲ್ಲಿ ದೋಭಿಯ ಶಾಯಿಯದು ತಪ್ಪೇ, ಒಪ್ಪೋಣ. ಆದರೆ ಇದಕ್ಕೂ ಬಹಳ ಮೊದಲೇ ಇನ್ನೊಂದು ರೋಗವನ್ನು ಅವನ ತಲೆಗೆ ಕಟ್ಟಿಯಾಗಿತ್ತು. ತೊಡೆಯ ಸಂದಿನಲ್ಲಿ ಬರುವ ಗಜಕರ್ಣಕ್ಕೆ ಇಂಗ್ಲಿಷರು ‘ದೋಭಿ ಇಚ್’, ಅಂದರೆ ದೋಭಿ ತುರಿಕೆ, ಎಂದು ಹೆಸರಿಟ್ಟರು. ಹತ್ತು ಜನರ ಬಟ್ಟೆಯನ್ನು ಒಟ್ಟಿಗೆ ಒಗೆಯುವುದರಿಂದಲೇ ಅದು ಬರುತ್ತದೆಂದು ನಂಬಿಕೆ. ಅದು ಶಿಲೀಂಧ್ರದ ಸೋಂಕು. ಸೆಖೆ, ಬೆವರು, ಒದ್ದೆ ಆರದ ಬಿಗಿ ಉಡುಪು ಅದಕ್ಕೆ ಅನುಕೂಲ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೂ ಹರಡಬಹುದು. ದಿನವಿಡೀ ಕುದುರೆಯ ಜೀನಿನ ಮೇಲೆ ಕುಳಿತವರಿಗೆ ಬೇರೆ ಕಾರಣ ಬೇಕಿರಲಿಲ್ಲ. ಉಬ್ಬೆಯ ಹಬೆಯಲ್ಲಿ ಚೆನ್ನಾಗಿ ಬೆಂದ ಬಟ್ಟೆಯಲ್ಲಿ ಆ ಶಿಲೀಂಧ್ರ ಉಳಿಯುವುದೇ ಕಷ್ಟ. ಆದರೂ ಹೆಸರು ಅಂಟಿಕೊಂಡಿತು. ಕೊಳೆ ತೆಗೆಯುವವನ ಹೆಸರು ರೋಗಕ್ಕೆ, ಅದೂ ಇಂದಿನ ಇಂಗ್ಲಿಷ್ ನಿಘಂಟುಗಳಲ್ಲೂ ಇದೆ. ಕರಿಗೇರಿನ ಕಲೆಯಾದರೂ ಬಟ್ಟೆ ಹರಿದಾಗ ಹೋಗುತ್ತದೆ.

ನಮ್ಮವರು ಕಡಲು ದಾಟಿದಾಗ ಕಥೆ ತಿರುವುಮುರುವಾಗುತ್ತದೆ. ಅಲ್ಲಿ ನಾಲ್ವರು ದೋಭಿಗಳು ಎಲ್ಲಿ? ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದ ಗಾಂಧೀಜಿಗೆ ಅಗಸನ ಖರ್ಚು ಹೆಚ್ಚಾಯಿತು, ಬಟ್ಟೆ ಹೊತ್ತಿಗೆ ಬರುತ್ತಿರಲಿಲ್ಲ. ಎರಡು ಮೂರು ಡಜನ್ ಅಂಗಿ ಕಾಲರುಗಳಿದ್ದರೂ ಸಾಲದೆ, ಒಗೆತದ ಪುಸ್ತಕವೊಂದನ್ನು ಕೊಂಡು ತಾವೇ ಕಲಿತರು, ಕಸ್ತೂರಬಾಗೂ ಕಲಿಸಿದರು. ಮೊದಲ ಸಲ ಗಂಜಿ ಜಾಸ್ತಿಯಾಗಿ, ಇಸ್ತ್ರಿ ಸಾಕಷ್ಟು ಕಾಯದೆ, ಕಾಲರಿನಿಂದ ಗಂಜಿ ಉದುರುತ್ತಿರುವಾಗಲೇ ಕೋರ್ಟಿಗೆ ಹೋದರು. ಜೊತೆಯ ವಕೀಲರೆಲ್ಲ ನಕ್ಕರು. ಇದನ್ನು ಅವರು ಆತ್ಮಕಥೆಯಲ್ಲಿ ಬಹಳ ಖುಷಿಯಿಂದಲೇ ಬರೆದಿದ್ದಾರೆ. ಒಗೆತವೂ ಕಲಿಯಬೇಕಾದ ವಿದ್ಯೆಯೆಂದು ಚರ್ಚಿಲ್‌ಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಕಂಪ್ಯೂಟರ್ ಎಂಜಿನಿಯರುಗಳಿಗೆ ಬಂತು. ವಾರದ ಬಟ್ಟೆಯ ಚೀಲ ಹೊತ್ತು, ಜೇಬಿನ ತುಂಬ ಚಿಲ್ಲರೆ ನಾಣ್ಯ ಹಾಕಿಕೊಂಡು ಯಂತ್ರದ ಮುಂದೆ ಕೂತವರು ಅವರಲ್ಲಿ ಬಹಳ.

ಇತ್ತ ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಒಗೆಯುವುದು ಯಂತ್ರ. ಆರ್.ಟಿ. ನಗರದ ಬೀದಿಗಳಲ್ಲಿ ಉಳಿದಿರುವುದು ಇಸ್ತ್ರಿ ಬಂಡಿ. ಅವರಿಗೆ ಯಾವ ಅಂಗಿ ಯಾವ ಮನೆಯದೆಂದು ನೋಡಿದರೇ ಗೊತ್ತು. ದೊಡ್ಡ ಲಾಂಡ್ರಿಗಳು ಕರಿಗೇರಿನ ಬದಲು ಬಾರ್‌ಕೋಡ್ ಇರುವ ಚೀಟಿ ಅಂಟಿಸುತ್ತವೆ. ಹೆಚ್ಚಾಗಿ ಅದೇ ಜಾಗಕ್ಕೆ, ಕಾಲರಿನ ಒಳಗೆ.