ಪರಳಿಯೋ, ಪರಳವೋ? ಒಂದು ಮನಿ ಆರ್ಡರ್ ಕೂಪನ್ನಿನ ವಿಳಾಸ

ಹೋದ ವಾರದ ವಿಡಿಯೋದ ಬರಹ ರೂಪ ಇದು. ಕ್ಯಾಮೆರಾ ಮುಂದೆ ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ನಮ್ಮದು ಅಥಣಿ ತಾಲೂಕು. ನಮ್ಮ ಅಜ್ಜನಿಗೆ ಒಬ್ಬ ಅಣ್ಣ ಇದ್ದರು. ಆ ದೊಡ್ಡಜ್ಜ ಮನೆ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಅವರ ಬಗ್ಗೆ ಮನೆಯಲ್ಲಿ ಎರಡು ಕಥೆ. ಪರಳಿ ವೈಜನಾಥಕ್ಕೆ ಹೋಗಿ ಸನ್ಯಾಸಿ ಆದರು ಅನ್ನೋದು ಒಂದು. ಯಾರೋ ಒಬ್ಬ ‘ಬಾಯಿ’ ಜೊತೆ ಸಂಸಾರ ಹೂಡಿದರು ಅನ್ನೋದು ಇನ್ನೊಂದು, ಅದನ್ನ ಹೆಂಗಸರು ದನಿ ತಗ್ಗಿಸಿ ಹೇಳ್ತಿದ್ದರು. ಹೊಲ ಪಾಲಾದಾಗ ಸನ್ಯಾಸಿಗೆ ಯಾಕೆ ಪಾಲು ಅಂತ ಅವರ ಹೆಸರನ್ನೇ ಎತ್ತಲಿಲ್ಲವಂತೆ.

ಎರಡು ಕಥೆಗೂ ಮೂಲ ಒಂದೇ ವಿಳಾಸ ಅಂತ ನನಗೆ ಗೊತ್ತಾಗಿದ್ದು ಕಳೆದ ದೀಪಾವಳಿಗೆ. ಎಂಬತ್ತು ದಾಟಿದ ನಮ್ಮ ಸೋದರತ್ತಿ ಮುತ್ತಜ್ಜಿಯ ಕುಂಕುಮದ ಡಬ್ಬಿ ತೆಗೆದು ಕೊಟ್ಟರು. ಒಳಗೆ ಮನಿ ಆರ್ಡರಿನ ಹದಿನಾಲ್ಕು ಕೂಪನ್ನು, 1951ರಿಂದ 1953ರವರೆಗಿನವು.

ಮನಿ ಆರ್ಡರ್ ನಮ್ಮ ಅಂಚೆ ಇಲಾಖೆಗೆ ಬಂದಿದ್ದು 1880ರಲ್ಲಿ. ಫಾರಂ ಜೊತೆ ಒಂದು ಸಣ್ಣ ಕೂಪನ್ ಇರ್ತಿತ್ತು. ಕಳಿಸಿದವರ ಹೆಸರು, ವಿಳಾಸ, ಎರಡು ಸಾಲು ಸುದ್ದಿ. ದುಡ್ಡು ಎಣಿಸಿ ಕೊಟ್ಟ ಮೇಲೆ ಪೋಸ್ಟ್‌ಮನ್ ಅದನ್ನ ಹರಿದು ಕೈಗೆ ಕೊಡ್ತಿದ್ದ. ಯುಪಿಐ ಕಾಲದ ನಮಗೆ ಇದು ಟ್ರಾನ್ಸಾಕ್ಷನ್ ರಿಮಾರ್ಕ್ಸ್ ಇದ್ದ ಹಾಗೆ ಅಂದ್ಕೊಳ್ಳಿ. ಮುತ್ತಜ್ಜಿಗೆ ಓದು ಬರ್ತಿರಲಿಲ್ಲ, ಆದರೂ ಒಂದನ್ನೂ ಎಸೆದಿರಲಿಲ್ಲ.

ಕೂಪನ್ ಇದ್ದದ್ದು ಮೋಡಿ ಲಿಪಿಯಲ್ಲಿ. (ಮೈಸೂರು ಕಡೆಯವರೇ, ನೀವು ಗೀಚಿದ ಕೈಬರಹಕ್ಕೆ ‘ಮೋಡಿ ಅಕ್ಷರ’ ಅಂತೀರಲ್ಲ, ಅದಲ್ಲ.) ಮರಾಠಿಯನ್ನ ಬೇಗ ಬರೆಯೋಕೆ ಶತಮಾನಗಳ ಕಾಲ ಬಳಕೆಯಲ್ಲಿದ್ದ ಲಿಪಿ ಇದು. ಮೊದಲು ಮೇಲ್ಗೆರೆ ಎಳೆದುಕೊಂಡು, ಆಮೇಲೆ ಲೇಖನಿ ಆದಷ್ಟು ಎತ್ತದೆ ಅಕ್ಷರಗಳನ್ನ ನೇತುಹಾಕ್ತಾ ಹೋಗೋದು. ಇಕಾರದಲ್ಲಿ ಹ್ರಸ್ವ-ದೀರ್ಘ ಭೇದ ಇಲ್ಲ, ಪದಗಳ ನಡುವೆ ಜಾಗವೂ ಇಲ್ಲ. ಕಾಮೆಂಟ್ ಇಲ್ಲದ ಲೆಗಸಿ ಕೋಡ್! ಮುಂಬೈ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಕಡೆಯ ಮನೆಗಳಲ್ಲಿ ಇಂಥ ಕಾಗದ ಇನ್ನೂ ಸಿಗ್ತವೆ. ಯೂನಿಕೋಡ್‌ಗೆ ಮೋಡಿ ಸೇರಿದ್ದು 2014ರಲ್ಲಿ, 7.0 ಆವೃತ್ತಿಯಲ್ಲಿ. ಫಾಂಟ್ ಇದೆ ಅಂತ ಕೈಬರಹ ಓದೋಕೆ ಬರಲ್ಲ, ಅದು ಬೇರೆ ಮಾತು.

ದೊಡ್ಡಜ್ಜ ತಾವೇ ಬರೆದದ್ದಲ್ಲ. ಹದಿನಾಲ್ಕರಲ್ಲೂ ಕೈ ಒಂದೇ. ಅಂಚೆ ಕಚೇರಿ ಹೊರಗೆ ಕೂತು ದುಡ್ಡಿಗೆ ಬರೆದುಕೊಡುವವರು ಇರ್ತಿದ್ದರಲ್ಲ, ಅಂಥವರ ಕೈ. ಊರಿನ ಮಾಸ್ತರರು ವಿಳಾಸವನ್ನ ಓದಿದ್ದು ಹೀಗಂತೆ: ಮಾರ್ಫತ್ ಇಂಥಾ ಬಾಯಿ, ಎರಡನೇ ಮಾಳ, ಪರಳಿ, 12ನೇ ತಾರೀಖು.

ನಾನು ಮೊದಲು ಹಿಡಿದದ್ದು ಆ 12 ಅನ್ನೋದನ್ನ. ಹದಿನಾಲ್ಕು ಕೂಪನ್ನಿನಲ್ಲೂ 12. ಅಂಚೆ ಮುದ್ರೆಯಲ್ಲಿ ಊರು ಅಳಿಸಿದ್ದರೂ ಕೆಲವದರಲ್ಲಿ ತಾರೀಖು ಕಾಣುತ್ತೆ: 7, 9, 22. ಅಂದರೆ 12 ತಾರೀಖಲ್ಲ, ವಿಳಾಸದ್ದೇ ಭಾಗ.

ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ದೊಡ್ಡ ಊರುಗಳಲ್ಲಿ ವಲಯದ ನಂಬರ್ ಇತ್ತು: ಬಾಂಬೆ 19, ಪೂನಾ 4, ಮದ್ರಾಸ್ 17. ಪಿನ್ ಮಾಡುವಾಗ ಸಾಮಾನ್ಯವಾಗಿ ಆ ನಂಬರನ್ನೇ ಕೊನೆಗೆ ಉಳಿಸಿಕೊಂಡರು. ಬಾಂಬೆ 19 ಇವತ್ತಿನ ಮಾಟುಂಗಾ, 400019. ಮದ್ರಾಸ್ 17 ಅಂದ್ರೆ ಟಿ. ನಗರ, 600017. ನಿಮ್ಮ ಮನೆಯ ಹಳೇ ಕಾಗದದಲ್ಲಿ ಊರ ಹೆಸರಿನ ಮುಂದೆ ಬಿಡಿ ಅಂಕಿ ಇದ್ದರೆ ಇದನ್ನೇ ಮೊದಲು ನೋಡಿ. ರಸ್ತೆ ಹೆಸರು ಬದಲಾಗಿರುತ್ತೆ, ಲ್ಯಾಮಿಂಗ್ಟನ್ ರೋಡ್ ಹೋಗಿ ಡಾ. ಭಡಕಮಕರ್ ಮಾರ್ಗ ಆಗಿರುತ್ತೆ, ಆದರೆ ಅಂಕಿ ಬಹಳ ಸಲ ಉಳಿದಿರುತ್ತೆ.

ಹಾಗಾದರೆ 400012 ಯಾವುದು? ಪರೇಲ್. ಟಾಟಾ ಮೆಮೋರಿಯಲ್ ಆಸ್ಪತ್ರೆ, ಹಾಫ್‌ಕಿನ್ ಸಂಸ್ಥೆ ಇರುವ ಜಾಗ. ಮರಾಠಿಯಲ್ಲಿ ಅದು ‘ಪರಳ’.

ಪರಳ, ಪರಳಿ. ನಡುವೆ ಇರೋದು ಒಂದೇ ಒಂದು ಗುಡಿಸು. ಇಲ್ಲಿ ಊಹೆ ಸಾಲದು ಅಂತ ಅದೇ ಕೈಯ ಬೇರೆ ಪದಗಳನ್ನ ಹುಡುಕಿದೆ. ಹಳೇ ಮರಾಠಿ ಪತ್ರಗಳ ಒಳ್ಳೇ ಗುಣ ಅಂದ್ರೆ ಅವು ಸಿದ್ಧ ಅಚ್ಚಿನಲ್ಲಿ ಇರ್ತವೆ. ಮೊದಲಿಗೆ ‘ತೀರ್ಥರೂಪ ಮಾತುಶ್ರೀ’, ಕೊನೆಗೆ ‘ಕಳಾವೆ’, ಅಂದರೆ ತಿಳಿಯಲಿ. ಗೊತ್ತಿರುವ ಈ ಪದಗಳಿಂದ ಪ, ರ, ಳ ಸಿಕ್ಕವು. ಕೊನೆಯ ಬಾಲ ಮಾತ್ರ ಪರಳದಲ್ಲಷ್ಟೇ ಅಲ್ಲ, ಬಹುತೇಕ ಎಲ್ಲ ಸಾಲಿನ ಕೊನೆಯಲ್ಲೂ ಮೇಲಕ್ಕೆ ಎದ್ದಿತ್ತು. ಅದು ಗುಡಿಸಲ್ಲ, ಬರೆದವನ ಕೈ ಚಾಳಿ. ಮುಂಬೈ ಅಂತ ಎಲ್ಲೂ ಇಲ್ಲ. ಮುಂಬೈಯಲ್ಲೇ ಕೂತು ಬರೆಯುವವನಿಗೆ ‘ಪರಳ 12’ ಸಾಕಾಗಿತ್ತು. ಪುಣೆಯಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ, ಅವರು ಕನ್ನಡಕ ಕೂಡ ಹಾಕದೆ ‘ಪರಳ’ ಅಂದುಬಿಟ್ಟರು.

ಉಳಿದದ್ದು ಸಲೀಸು. ‘ಮಾಳಾ’ ಅಂದ್ರೆ ಮುಂಬೈ ಮಾತಿನಲ್ಲಿ ಮಹಡಿ, ನಮ್ಮ ಮಾಳದ ಹೊಲ ಅಲ್ಲ. ‘ಮಾರ್ಫತ್’ ಅಂದ್ರೆ ಕೇರಾಫ್. ಆ ‘ಬಾಯಿ’ ಆದ ಮೇಲೆ ಮಾಸ್ತರರು ಓದದೆ ಬಿಟ್ಟ ಪದ ‘ಖಾನಾವಳ’. ಗಿರಣಿ ಕೆಲಸಕ್ಕೆ ಒಂಟಿಯಾಗಿ ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಖಾನಾವಳಿಗಳನ್ನ ಹೆಂಗಸರು ನಡೆಸ್ತಿದ್ದರು. ಖೋಲಿ ಹಂಚಿಕೊಂಡು ಇರುವವರಿಗೆ ಪತ್ರ ಬರೋದಕ್ಕೂ ಅದೇ ಗಟ್ಟಿ ವಿಳಾಸ. ಸನ್ಯಾಸವೂ ಇಲ್ಲ, ಎರಡನೇ ಸಂಸಾರವೂ ಇಲ್ಲ. ಪರೇಲ್‌ನಲ್ಲಿ ದುಡಿದು, ಖಾನಾವಳಿಯಲ್ಲಿ ಉಂಡು, ಅವ್ವನಿಗೆ ದುಡ್ಡು ಕಳಿಸ್ತಿದ್ದ ಮನುಷ್ಯ.

(ಪುಣೆಯವರಿಗೆ ಒಂದು ಮಾತು. ಹಳೇ ದಾಖಲೆಯಲ್ಲಿ ಊರ ಹೆಸರಿನ ಮುಂದೆ ‘ಬು.’ ಅಥವಾ ‘ಖು.’ ಇದ್ದರೆ ಬಿಡಬೇಡಿ. ಬುದ್ರುಕ್ ಅಂದ್ರೆ ಹಿರೇ, ಖುರ್ದ್ ಅಂದ್ರೆ ಚಿಕ್ಕ. ಬೆಳಗಾವಿಯ ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಬೇರೆ ಬೇರೆ ಊರು. ತಪ್ಪಿದರೆ ಬೇರೆಯವರ ವಂಶಾವಳಿ ಮಾಡಿರ್ತೀರಿ.)

ಮೊಬೈಲ್‌ನಲ್ಲಿ ಫೋಟೋ ದೊಡ್ಡದು ಮಾಡಿ ಅತ್ತಿಗೆ ಎಲ್ಲ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಆ ಕಾರ್ಡ ಎಲ್ಲಿ ಹೋತು?” ಅಂದರು.

ಯಾವ ಕಾರ್ಡು ಅಂದೆ.

“ಆಯಿ ಸತ್ತಾಗ ನಮ್ಮಪ್ಪ ದೊಡ್ಡಪ್ಪಗ ಕಾರ್ಡ ಬರದಿದ್ದ. ಡಬ್ಬಿಗೆ ಹಾಕಿ ಬಂದಾಕಿ ನಾನ. ಪರಳಿ ವೈಜನಾಥ ಅಂತ ಬರದಿತ್ತು. ದಿನಕ್ಕೂ ಬರ್ಲಿಲ್ಲ ಅಂವಾ, ಅದಕ್ಕ ಅಪ್ಪಗ ಭಾಳ ಸಿಟ್ಟು.”

ಮುತ್ತಜ್ಜಿ ತೀರಿಕೊಂಡಿದ್ದು 1954ರ ಸಂಕ್ರಾಂತಿ ಆಸುಪಾಸು. ಕೊನೆಯ ಕೂಪನ್ 1953ರ ಡಿಸೆಂಬರಿನದು. ದುಡ್ಡು ಪಡೆಯಬೇಕಾದವರು ತೀರಿಹೋಗಿದ್ದರೆ ಮನಿ ಆರ್ಡರ್ ಕಳಿಸಿದವರಿಗೇ ವಾಪಸ್ ಹೋಗ್ತಿತ್ತು. ಹಾಗಾದರೆ ಜನವರಿಯದ್ದು ಪರೇಲ್‌ನ ಆ ಖಾನಾವಳಿಗೆ ತಿರುಗಿ ಹೋಗಿರಬೇಕು. ದೊಡ್ಡಜ್ಜನಿಗೆ ಸುದ್ದಿ ಮುಟ್ಟಿದ್ದು ಹಾಗೆ.

ಇದನ್ನ ಅತ್ತಿಗೆ ಹೇಳಲಿಲ್ಲ. ಅವರೇ ಲೆಕ್ಕ ಹಾಕಿಕೊಂಡರು ಅನ್ನಿಸುತ್ತೆ. “ಎಷ್ಟು ರೂಪಾಯಿ ಅದಾವ ನೋಡು” ಅಂದರು. ಹದಿನೈದು ಅಂದೆ. “ಎಲ್ಲಾದ್ರಾಗೂ?”

ಎಲ್ಲದರಲ್ಲೂ, ಅತ್ತೀ.