ಹೆಸರು ಇಟ್ಟವರು ಯಾರು? ಲೂಪಿನ್‌ನಿಂದ ದೇಯಿವರೆಗೆ ಒಂದು ಕಿರುಕೋಶ

ಹ್ಯಾರಿ ಪಾಟರ್ ಓದಿದವರಿಗೆ ಈ ಆಟ ಗೊತ್ತು. ಲೂಪಿನ್ ಮೇಷ್ಟ್ರು ತೋಳಮನುಷ್ಯ ಅನ್ನೋದು ಕಥೆಯಲ್ಲಿ ಬಯಲಾಗುವ ಮೊದಲೇ ಅವರ ಹೆಸರು ಬಾಯಿಬಿಟ್ಟಿರುತ್ತೆ. ಲ್ಯಾಟಿನ್‌ನಲ್ಲಿ ಲೂಪಸ್ ಅಂದರೆ ತೋಳ. ಮೊದಲ ಹೆಸರು ರೀಮಸ್. ರೋಮ್ ಪುರಾಣದಲ್ಲಿ ತೋಳದ ಹಾಲು ಕುಡಿದ ಅವಳಿಗಳಲ್ಲಿ ಒಬ್ಬನದ್ದು. ಕಪ್ಪು ನಾಯಿಯಾಗಿ ಬದಲಾಗುವ ಸಿರಿಯಸ್ ಬ್ಲ್ಯಾಕ್‌ಗೆ ‘ನಾಯಿ ನಕ್ಷತ್ರ’ದ ಹೆಸರು. ಇಂಥ ಪಟ್ಟಿಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ.

ನಮ್ಮ ಕಥೆಗಳ ಹೆಸರುಗಳನ್ನೂ ಹೀಗೆ ಬಿಚ್ಚಿ ನೋಡಬಹುದಲ್ಲ?

ಪುತ್ತೂರು ತಾಲೂಕಿನ ಕೆದಂಬಾಡಿ ನನ್ನ ಅಜ್ಜಿಮನೆ. ಅಲ್ಲಿ ನೇಜಿ ನೆಡುತ್ತಾ ಹೆಂಗಸರು ಹೇಳುತ್ತಿದ್ದ ಪಾಡ್ದನವೇ ನಾನು ಕೇಳಿದ ಮೊದಲ ಅದ್ಭುತ ಕಥೆ. ಮುಂದೆ ಇಂಜಿನಿಯರಿಂಗ್ ಕಾಲೇಜಿನಲ್ಲಿ, ವೇರಿಯಬಲ್‌ಗೆ ಹೆಸರಿಟ್ಟರೆ ಅದರ ಕೆಲಸ ಗೊತ್ತಾಗುವಂತಿರಬೇಕು ಅಂತ ಕಲಿಸಿದರು. ಕಥೆಗಳ ಹೆಸರಿಗೆ ಅಷ್ಟು ಸಾಲದು. ಹೆಸರು ಇಟ್ಟವರು ಯಾರು ಅಂತಲೂ ಕೇಳಬೇಕು. ಕೆಳಗಿನ ಕಿರುಕೋಶ ಆ ಪ್ರಶ್ನೆಗಾಗಿ.

ದೇಯಿ: ಕೋಟಿ-ಚೆನ್ನಯರ ತಾಯಿ. ಕಥೆ ನಡೆಯುವ ಪಡುಮಲೆ ಕೆದಂಬಾಡಿಯ ತಾಲೂಕಿನಲ್ಲೇ ಇದೆ. ಪಾಡ್ದನಕ್ಕೆ ಹಲವು ಪಾಠಗಳಿವೆ. ಹೆಚ್ಚು ಪ್ರಚಲಿತವಾದದ್ದರಲ್ಲಿ ಈ ಹುಡುಗಿ ಬ್ರಾಹ್ಮಣರ ಮನೆಯಲ್ಲಿ ಬೆಳೆಯುತ್ತಾಳೆ; ಹೆಸರು ಸುವರ್ಣ ಕೇದಗೆ. ಮದುವೆಗೆ ಮೊದಲೇ ಮೈನೆರೆದಳು ಅನ್ನೋ ಕಾರಣಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಡುತ್ತಾರೆ. ಶೇಂದಿ ಇಳಿಸುವ ಸಾಯನ ಬೈದ್ಯ ಕರೆತಂದು ಸಾಕಿದ ಮೇಲೆ ಅವಳು ದೇಯಿ. ಚಿನ್ನ-ಹೂವು ಎರಡೂ ಇದ್ದ ಹೆಸರು ಅವಳನ್ನು ಕಾಪಾಡಲಿಲ್ಲ, ಎರಡಕ್ಷರದ ಹೆಸರು ಕೊಟ್ಟ ಮನೆ ಕಾಪಾಡಿತು. ಜನ ನೆನಪಿಟ್ಟಿರುವುದೂ ಆ ಎರಡಕ್ಷರವನ್ನೇ.

ಬೈದ್ಯ: ‘ವೈದ್ಯ’ದ ತುಳು ರೂಪ. ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ನಂಜೇರಿದಾಗ ತುಂಬು ಗರ್ಭಿಣಿ ದೇಯಿ ಬೈದೆತಿ ಮದ್ದು ಮಾಡಿ ಉಳಿಸುತ್ತಾಳೆ. ಗರೋಡಿಗಳಲ್ಲಿ ಅವಳ ಅವಳಿ ಮಕ್ಕಳನ್ನು ಬೈದೆರ್ಲು ಅಂತಲೇ ಕರೆಯುತ್ತಾರೆ. ಶೇಂದಿಯವರು ಅಂತ ಮೂಗು ಮುರಿದ ಸಮಾಜದ ಎದುರು, ಈ ಜನರ ಕಸುಬು ವೈದ್ಯವೂ ಹೌದು ಅನ್ನೋದನ್ನು ಹೆಸರೇ ದಾಖಲಿಸಿಟ್ಟಿದೆ.

ಬುದ್ಯಂತ: ಅವಳಿಗಳ ಎದುರಾಳಿ, ಬಲ್ಲಾಳನ ಮಂತ್ರಿ. ‘ಬುದ್ಧಿವಂತ’ನೇ ತುಳು ಬಾಯಲ್ಲಿ ಬುದ್ಯಂತ. ಇದು ಅಧಿಕಾರ ಕೊಟ್ಟ ಹೆಸರು. ಗದ್ದೆಯ ಜಗಳದಲ್ಲಿ ಆತ ಎಷ್ಟು ಬುದ್ಧಿ ತೋರಿಸಿದ ಅನ್ನೋದಕ್ಕೆ ಪಾಡ್ದನವೇ ಸಾಕ್ಷಿ. ಹಾಡಿದವರು ಹೆಸರನ್ನು ಬದಲಿಸಲಿಲ್ಲ, ಅದರ ಪಕ್ಕದಲ್ಲಿ ಅವನ ಕೆಲಸವನ್ನು ಇಟ್ಟರು. ವ್ಯಂಗ್ಯ ತಾನಾಗಿ ಹುಟ್ಟಿತು.

ದೇವದತ್ತ, ಕಪಿಲ: ಗಿರೀಶ್ ಕಾರ್ನಾಡರ ‘ಹಯವದನ’ದಲ್ಲಿ ತಲೆಗಳು ಅದಲುಬದಲಾಗುವ ಗೆಳೆಯರು. ‘ಹಯವದನ’ ಅಂದರೆ ಕುದುರೆಮೋರೆ. ಅದು ಯಾರಿಗೂ ಒಗಟಲ್ಲ. ದೇವದತ್ತ ಅಂದರೆ ದೇವರು ಕೊಟ್ಟವನು. ಆದರೆ ಸಂಸ್ಕೃತ ವ್ಯಾಕರಣದ ಉದಾಹರಣೆಗಳಲ್ಲಿ ಅದು ‘ಯಾರೋ ಒಬ್ಬ’ ಅನ್ನೋದಕ್ಕೆ ಬಳಸುವ ಹೆಸರೂ ಹೌದು. ನಾಟಕದಲ್ಲಿ ಅವನು ವಿದ್ಯಾವಂತ ಬ್ರಾಹ್ಮಣ. ಕಮ್ಮಾರನ ಮಗ ಕಪಿಲನದ್ದು ಮಣ್ಣಿನಂಥ ಕಂದುಬಣ್ಣದ ಹೆಸರು. ಒಬ್ಬನಿಗೆ ದೇವರು, ಇನ್ನೊಬ್ಬನಿಗೆ ಮೈಬಣ್ಣ. ವ್ಯಾಕರಣದ ‘ಯಾರೋ ಒಬ್ಬ’ ಕಮ್ಮಾರನ ಮನೆಯವನಾಗಬಹುದಿತ್ತಲ್ಲವೇ ಅಂತ ಕೇಳಿದರೆ, ತಲೆ ದೊಡ್ಡದೋ ಮೈ ದೊಡ್ಡದೋ ಅನ್ನುವ ನಾಟಕದ ಪ್ರಶ್ನೆ ಜಾತಿಯ ಪ್ರಶ್ನೆಯಾಗಿ ಕೇಳಿಸತೊಡಗುತ್ತೆ.

ರಾಣಿ, ಕುರುಡವ್ವ: ‘ನಾಗಮಂಡಲ’ದಲ್ಲಿ ಗಂಡ ಹೊರಗಿನಿಂದ ಬೀಗ ಹಾಕಿ ಕೂಡಿಹಾಕುವ ಹೆಣ್ಣಿಗೆ ರಾಣಿ ಅಂತ ಹೆಸರು. ಗಂಡ ಅಪ್ಪಣ್ಣ. ಅಪ್ಪ, ಅಣ್ಣ ಎರಡೂ ಸೇರಿದ, ಯಾವ ಮನೆಯಲ್ಲೂ ಸಿಗುವ ಗಂಡಸು. ನೆರವಿಗೆ ಬರುವ ಮುದುಕಿ ಕುರುಡವ್ವ, ಮಗ ಕಪ್ಪಣ್ಣ. ಇಬ್ಬರಿಗೂ ದೇಹವೇ ಹೆಸರು. ಊರು ತಾನು ಕಂಡದ್ದನ್ನೇ ಕರೆದಿದೆ.

ಪಂಜುರ್ಲಿ: 2022ರ ‘ಕಾಂತಾರ’ ನೋಡಿದವರಿಗೆ ಪರಿಚಯ ಬೇಡ. ತುಳುವಿನಲ್ಲಿ ಪಂಜಿ ಅಂದರೆ ಹಂದಿ. ಬೆಳೆ ಮೇಯುವ, ಕೃಷಿಕರು ಹೆದರುವ ಕಾಡುಹಂದಿ. ಸಿನಿಮಾ ಬಂದ ಮೇಲೆ ದೈವಾರಾಧನೆ ಯಾವ ಧರ್ಮದ್ದು ಅಂತ ದೊಡ್ಡ ಚರ್ಚೆಯೇ ನಡೆಯಿತು. ಪಂಜುರ್ಲಿಯನ್ನು ವರಾಹ ಅಂತ ವಿವರಿಸುವವರು ಮೊದಲೂ ಇದ್ದರು, ಈಗಲೂ ಇದ್ದಾರೆ. ನಂಬುವವರು ನಂಬಲಿ. ಆದರೆ ‘ವರಾಹ’ ಅಂದ ಕೂಡಲೇ ಗದ್ದೆ, ಕೆಸರು, ಬೆಳೆ ಕಾಯುವವನ ನಿದ್ದೆಗೆಟ್ಟ ರಾತ್ರಿ ಮರೆಯಾಗುತ್ತವೆ. ಅನುವಾದವಾದದ್ದು ಒಂದು ಪದ, ಕೈಬದಲಾದದ್ದು ಒಂದು ಕಥೆ.

ಬಸ್ಸಿನಲ್ಲಿ ಪಕ್ಕ ಕೂತವರು ‘ಪೂರ್ತಿ ಹೆಸರೇನು?’ ಅಂತ ಕೇಳಿದ್ದು ಯಾರಿಗೆ ನೆನಪಿಲ್ಲ? ಹೆಸರಿನೊಳಗೆ ಅಡಗಿದ್ದನ್ನು ಹುಡುಕೋದು ನಮಗೆ ಹೊಸದಲ್ಲ, ಜಾತಿ ಹುಡುಕಲು ಚಿಕ್ಕಂದಿನಿಂದಲೂ ಅದನ್ನೇ ಮಾಡ್ತಾ ಬಂದಿದ್ದೇವೆ. ಅದೇ ಜಾಣತನವನ್ನು ಒಮ್ಮೆ ತಿರುಗಿಸಿ ಬಳಸೋಣ. ಮುಂದಿನ ಸಲ ಯಾವ ಕಥೆಯ ಹೆಸರು ಸಿಕ್ಕರೂ ಅರ್ಥದ ಜೊತೆಗೆ ಎರಡು ಪ್ರಶ್ನೆ ಇರಲಿ: ಈ ಹೆಸರು ಇಟ್ಟವರು ಯಾರು? ಇದಕ್ಕೂ ಮೊದಲು ಇದ್ದ ಹೆಸರು ಯಾವುದು?