ಗುಣವಾಗದವರ ಆರೈಕೆ: ದಾವಣಗೆರೆ–ಹರಿಹರ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ವೈದ್ಯಕೀಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗಳ ಸ್ಥಾಪನೆಯನ್ನೂ ರೋಗಗಳ ನಿವಾರಣೆಯನ್ನೂ ಕುರಿತು ಬರೆಯುತ್ತಾರೆ. ಗುಣವಾದವರ ಲೆಕ್ಕ ಅಲ್ಲಿ ದೊರೆಯುತ್ತದೆ. ಸತ್ತವರ ಲೆಕ್ಕವೂ ದೊರೆಯುತ್ತದೆ. ಆದರೆ “ಇನ್ನು ನಾವು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತನ್ನು ಕೇಳಿ ಹಿಂದಿರುಗಿದ ರೋಗಿಯ ಉಳಿದ ದಿನಗಳು ಹೇಗೆ ಕಳೆದವು, ಅವನನ್ನು ನೋಡಿಕೊಂಡವರು ಯಾರು ಎಂಬ ವಿಷಯ ಯಾವ ದಾಖಲೆಯಲ್ಲಿಯೂ ಇಲ್ಲ. ಆಸ್ಪತ್ರೆಯ ಕಡತ ಮುಗಿಯುವಲ್ಲಿ ನಮ್ಮ ವಿಷಯ ಪ್ರಾರಂಭವಾಗುತ್ತದೆ. ಅಂತಹ ರೋಗಿಯ ಮತ್ತು ಅವನ ಮನೆಯವರ ಆರೈಕೆಗೆ ನಮ್ಮ ನಾಡಿನಲ್ಲಿ ಯಾವ ಪೂರ್ವಸಂಪ್ರದಾಯವಿತ್ತು, ಅದು ಎಲ್ಲಿ ಕಡಿದುಹೋಯಿತು, ಈಗ ಯಾವ ರೂಪದಲ್ಲಿ ಮರಳಿ ಬರುತ್ತಿದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಯತ್ನಿಸಿದ್ದೇವೆ.

ಇಂತಹ ಆರೈಕೆಯ ನೆಲೆಗೆ ಇಂದು ‘ಹಾಸ್ಪಿಸ್’ ಎಂಬ ಹೆಸರು ಬಳಕೆಯಲ್ಲಿದೆ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಅತಿಥಿ, ಆತಿಥೇಯ ಎಂಬ ಎರಡೂ ಅರ್ಥಗಳುಂಟು. ಮಧ್ಯಯುಗದ ಯುರೋಪಿನಲ್ಲಿ ಯಾತ್ರಿಕರೂ ದಣಿದವರೂ ರೋಗಿಗಳೂ ತಂಗುತ್ತಿದ್ದ ಮನೆಗಳಿಗೆ ಈ ಹೆಸರಿತ್ತು. ನಮ್ಮ ಛತ್ರಗಳ ಹಾಗೂ ಮಠಗಳ ಸ್ವರೂಪ ಬಲ್ಲವರಿಗೆ ಈ ಕಲ್ಪನೆ ಅಪರಿಚಿತವೆನಿಸದು. ತುಂಗಭದ್ರೆಯ ದಡದ ಹರಿಹರವು, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. ೧೨೨೪ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಕ್ಷೇತ್ರ. ಅದೇ ಊರಿನ ಆರೋಗ್ಯ ಮಾತೆಯ ದೇವಾಲಯಕ್ಕೆ ಇಂದಿಗೂ ರೋಗಿಗಳು ಹರಕೆ ಹೊತ್ತು ಬರುತ್ತಾರೆ. ವೈದ್ಯನು ಕೈಬಿಟ್ಟ ಮೇಲೂ ಹೋಗಲು ಒಂದು ಸ್ಥಳ ಬೇಕೆಂಬ ಹಂಬಲ ಹಳೆಯದು.

ಈ ಹಂಬಲಕ್ಕೆ ಉತ್ತರವಾಗಿದ್ದ ಸಂಸ್ಥೆಗಳ ಸಾಕ್ಷ್ಯವನ್ನು ಹುಡುಕಿದರೆ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠ ಮೊದಲು ನೆನಪಾಗುತ್ತದೆ. ಕ್ರಿ.ಶ. ೧೧೬೨ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ವಿದ್ಯಾಸ್ಥಾನವೆಂದು ವರ್ಣಿಸುವುದರ ಜೊತೆಗೆ, ದೀನರಿಗೂ ಕುಂಟ, ಕುರುಡ, ಕಿವುಡರಿಗೂ ಅನ್ನ ದೊರೆಯುವ ಸ್ಥಳವೆಂದೂ, ಅನಾಥ ರೋಗಿಗಳಿಗೆ ಔಷಧ ದೊರೆಯುವ ಸ್ಥಳವೆಂದೂ ಹೇಳುತ್ತದೆ. ಶಾಸನದ ಭಾಷೆ ಪ್ರಶಸ್ತಿಯ ಭಾಷೆಯಾದುದರಿಂದ ಅದರ ಪ್ರತಿ ಮಾತನ್ನೂ ನಿತ್ಯದ ವ್ಯವಹಾರವೆಂದು ಸ್ವೀಕರಿಸಲಾಗದು. ಅಲ್ಲಿ ಮರಣಾಸನ್ನರ ಶುಶ್ರೂಷೆ ನಡೆಯುತ್ತಿತ್ತೆಂದು ನೇರವಾಗಿ ಸಾಧಿಸಲೂ ಬರುವುದಿಲ್ಲ. ಆದರೆ ಅನ್ನ, ಔಷಧ, ಆಶ್ರಯ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಆದರ್ಶವನ್ನು ಆ ಕಾಲದವರು ಕಲ್ಲಿನಲ್ಲಿ ಬರೆಸಿದರೆಂಬುದು ಸಣ್ಣ ಸಂಗತಿಯಲ್ಲ.

ಮರಣಾಸನ್ನರ ಸೇವೆಯ ಬಗೆಗೆ ಇನ್ನೂ ಸ್ಪಷ್ಟವಾದ ವಿಚಾರ ಜೈನ ಪರಂಪರೆಯಲ್ಲಿದೆ. ಶಿವಾರ್ಯನ ‘ಭಗವತೀ ಆರಾಧನಾ’ ಎಂಬ ಪ್ರಾಕೃತ ಗ್ರಂಥಕ್ಕೂ ಕನ್ನಡದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೂ ಇರುವ ಸಂಬಂಧವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಸಲ್ಲೇಖನವನ್ನು ಕೈಗೊಂಡ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕರು ಸಹಾಯಕರಾಗಿರಬೇಕೆಂದು ಆ ಗ್ರಂಥವು ವಿಧಿಸುತ್ತದೆ. ಅವನ ಮೈಯನ್ನು ಎತ್ತಿ ಮಗ್ಗುಲು ಬದಲಿಸುವವರು ಬೇರೆ, ಧರ್ಮಕಥೆ ಹೇಳುವವರು ಬೇರೆ, ಆಹಾರಪಾನಗಳನ್ನು ತರುವವರು ಬೇರೆ, ಮಲಮೂತ್ರಗಳನ್ನು ತೆಗೆಯುವವರು ಬೇರೆ, ಬಾಗಿಲು ಕಾಯುವವರು ಬೇರೆ. ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಒಬ್ಬನೇ ಇರುವುದು ಮಾತ್ರ ಸಲ್ಲದು. ಸಲ್ಲೇಖನವು ವ್ರತ, ಕ್ಯಾನ್ಸರ್ ಪೀಡಿತನ ಸ್ಥಿತಿ ವ್ರತವಲ್ಲ. ಈ ಭೇದವನ್ನು ಮರೆಯಲಾಗದು. ಆದರೂ ಸಾಯುವವನ ಸೇವೆ ಒಬ್ಬರಿಂದ ಆಗತಕ್ಕದ್ದಲ್ಲ, ಸೇವೆ ಮಾಡುವವನಿಗೂ ವಿಶ್ರಾಂತಿ ಬೇಕು ಎಂಬ ಅನುಭವಜನ್ಯ ಜ್ಞಾನ ಈ ವಿಧಿಯ ಹಿಂದೆ ಇದೆಯೆಂದು ನಮ್ಮ ಅಭಿಪ್ರಾಯ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ೧೯೩೦ರ ದಶಕದಿಂದ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ ಬೆಳೆಯಿತು. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ೧೯೬೫ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಪ್ರಾರಂಭವಾಗಿ, ಚಿಗಟೇರಿ ಆಸ್ಪತ್ರೆ ಅದರ ವಿದ್ಯಾರ್ಥಿಗಳ ಕಲಿಕೆಯ ನೆಲೆಯಾಯಿತು. ಸುತ್ತಣ ಜಿಲ್ಲೆಗಳ ರೋಗಿಗಳೂ ಇಲ್ಲಿಗೆ ಬರತೊಡಗಿದರು. ಈ ಬೆಳವಣಿಗೆಯಿಂದ ಆದ ಉಪಕಾರ ಅಪಾರ. ಆದರೆ ಎಲ್ಲೆಡೆಯಂತೆ ಇಲ್ಲಿಯೂ ಆಧುನಿಕ ಆಸ್ಪತ್ರೆಯ ಗುರಿ ರೋಗವನ್ನು ಗುಣಪಡಿಸುವುದು. ಗುಣವಾಗದವನು ಮನೆಯ ಪಾಲಾದನು.

ಕೂಲಿಕಾರರ ಮಟ್ಟಿಗೆ ಸರ್ಕಾರವು ಒಂದು ಆಸರೆಯನ್ನು ಕಲ್ಪಿಸಿತು. ೧೯೪೮ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯು ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷದಲ್ಲಿ ೯೧ ದಿನಗಳವರೆಗೆ ಕೂಲಿಯ ಒಂದು ಭಾಗವನ್ನು ಕೊಡುತ್ತದೆ. ಕ್ಯಾನ್ಸರ್ ಮೊದಲಾದ ದೀರ್ಘವ್ಯಾಧಿಗಳಲ್ಲಿ ಈ ಅವಧಿಯನ್ನು ಎರಡು ವರ್ಷಗಳವರೆಗೆ ವಿಸ್ತರಿಸಲು ಅವಕಾಶವಿದೆ. ಇದು ರೋಗಿಯ ಕೂಲಿಯ ಲೆಕ್ಕ. ಅವನ ಪಕ್ಕದಲ್ಲಿ ಕುಳಿತುಕೊಳ್ಳಲು ತನ್ನ ಕೂಲಿಯನ್ನು ಬಿಟ್ಟ ಹೆಂಡತಿಯ ಅಥವಾ ಸೊಸೆಯ ಲೆಕ್ಕ ಈ ಯೋಜನೆಯಲ್ಲಿಲ್ಲ. ನಲವತ್ತೆಂಟು ನಿರ್ಯಾಪಕರ ಕೆಲಸವನ್ನು ಒಬ್ಬಳೇ ಹೆಂಗಸು, ಹಗಲೂ ರಾತ್ರಿ, ಯಾರಿಂದಲೂ ಕಲಿಯದೆ ಮಾಡಬೇಕಾಗಿ ಬಂದದ್ದೇ ಈ ಕಾಲದ ವೈಲಕ್ಷಣ್ಯ. ಗಿರಣಿಗಳು ಬಹುಪಾಲು ಮುಚ್ಚಿ, ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಮೇಲೆ ಆ ವಿಮೆಯ ಆಸರೆಯೂ ಅನೇಕ ಮನೆಗಳಿಗೆ ತಪ್ಪಿತು.

ಇದೇ ಕೊರತೆಯನ್ನು ಕಂಡು, ದಾದಿಯಾಗಿಯೂ ಸಮಾಜಸೇವಕಿಯಾಗಿಯೂ ದುಡಿದು ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಅನ್ನು ತೆರೆದರು. ನೋವೆಂಬುದು ದೇಹದ್ದು ಮಾತ್ರವಲ್ಲ. ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಕೂಡ ಎಂಬುದು ಅವರ ಮುಖ್ಯ ಪ್ರತಿಪಾದನೆ. ೧೯೮೬ರಲ್ಲಿ ಮುಂಬಯಿಯಲ್ಲಿ ಶಾಂತಿ ಆವೇದನಾ ಸದನ ಪ್ರಾರಂಭವಾಯಿತು. ಬೆಂಗಳೂರಿನಲ್ಲಿ ೧೯೯೪ರಲ್ಲಿ ರೂಪುಗೊಂಡ ಹಾಸ್ಪಿಸ್ ಟ್ರಸ್ಟ್ ಮೊದಲು ರೋಗಿಗಳ ಮನೆಗಳಿಗೆ ದಾದಿಯರನ್ನು ಕಳುಹಿಸಿ, ೧೯೯೯ರಲ್ಲಿ ಕರುಣಾಶ್ರಯವನ್ನು ತೆರೆಯಿತು. ಅಲ್ಲಿಯ ಸೇವೆ ಉಚಿತ. ಆದರೆ ದಾವಣಗೆರೆಯಿಂದ ಬೆಂಗಳೂರು ಸುಮಾರು ೨೬೦ ಕಿಲೋಮೀಟರು. ಚಿಕಿತ್ಸೆಗಾಗಿ ಅಷ್ಟು ದೂರ ಹೋಗುವವರುಂಟು; ಸಾಯುವುದಕ್ಕಾಗಿ ತಮ್ಮವರನ್ನು ಬಿಟ್ಟು ಅಷ್ಟು ದೂರ ಹೋಗಬಯಸುವವರು ವಿರಳ. ಆದುದರಿಂದ ನಮ್ಮಂತಹ ಊರುಗಳಿಗೆ ಹೆಚ್ಚು ಪ್ರಸ್ತುತವಾದುದು ಕೇರಳದ ನಿದರ್ಶನ. ೧೯೯೩ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಮೊದಲಾದ ಸೇವೆಯು ನೆರೆಹೊರೆಯ ಸ್ವಯಂಸೇವಕರ ಮೂಲಕ ಹಳ್ಳಿಗಳಿಗೆ ಹಬ್ಬಿ, ೨೦೦೮ರಲ್ಲಿ ಅಲ್ಲಿಯ ಸರ್ಕಾರದ ನೀತಿಯೇ ಆಯಿತು.

ಮನೆಯಲ್ಲಿ ಆರೈಕೆ ಸಾಧ್ಯವಾಗಬೇಕಾದರೆ ನೋವು ಹತೋಟಿಗೆ ಬರಬೇಕು. ತೀವ್ರವಾದ ಕ್ಯಾನ್ಸರ್ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫೀನ್ ಅಗ್ಗವೂ ಪರಿಣಾಮಕಾರಿಯೂ ಆದ ಔಷಧ. ಅಫೀಮನ್ನು ಬೆಳೆಯುವ ದೇಶವೇ ನಮ್ಮದಾಗಿದ್ದರೂ, ೧೯೮೫ರ ಮಾದಕವಸ್ತು ಕಾಯಿದೆಯ ಕಟ್ಟುಪಾಡುಗಳಿಂದ ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಕಾಯಬೇಕಾಗಿ, ಅದು ರೋಗಿಗಳಿಗೆ ದುರ್ಲಭವಾಯಿತು. ೨೦೧೪ರ ತಿದ್ದುಪಡಿಯು ಈ ತೊಡಕನ್ನು ಸಡಿಲಿಸಿತು. ೨೦೧೮ರಿಂದ ಸ್ಥಾಪಿತವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಹಾಗೂ ಗುಣವಾಗದ ರೋಗಿಗಳ ಆರೈಕೆಯೂ ಸೇರಿದೆ. ಕಾಗದದ ಮೇಲೆ ದಾರಿ ತೆರೆದಿದೆ.

ದಾವಣಗೆರೆಯ ಹೆಸರು ಈ ಚರಿತ್ರೆಯಲ್ಲಿ ಇನ್ನೊಂದು ಕಾರಣದಿಂದ ಬರುತ್ತದೆ. ಘನತೆಯಿಂದ ಸಾಯುವ ಹಕ್ಕಿಗಾಗಿ ಸುಮಾರು ಎರಡು ದಶಕ ಹೋರಾಡಿದ ನಿವೃತ್ತ ಶಿಕ್ಷಕಿಯೊಬ್ಬರು ಈ ಊರಿನವರು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಅನುಮತಿಯಿತ್ತಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕನುಗುಣವಾದ ಸುತ್ತೋಲೆಯನ್ನು ಹೊರಡಿಸಿತು. ಚಿಕಿತ್ಸೆಯನ್ನು ನಿಲ್ಲಿಸುವುದು ಬೇರೆ, ಆರೈಕೆಯನ್ನು ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ನಿಯಮ ದೊರೆತಿದೆ. ಎರಡನೆಯದು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಉಳಿದಿದೆ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಮರಣಾಸನ್ನರ ಆರೈಕೆ ಹಲವರು ಹಂಚಿಕೊಳ್ಳಬೇಕಾದ ಕಾರ್ಯವೆಂಬುದು ನಮ್ಮ ಹಿಂದಿನವರಿಗೆ ತಿಳಿದಿತ್ತು; ಅದು ಒಂಟಿ ಮನೆಯ ಹೊರೆಯಾದದ್ದು ಈಚೆಗೆ. ದೊಡ್ಡ ಕಟ್ಟಡವೊಂದೇ ಇದಕ್ಕೆ ಪರಿಹಾರವಲ್ಲ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಕಲಿಸಿಕೊಡುವ ದಾದಿ, ವೇಳೆಗೆ ಸರಿಯಾಗಿ ಔಷಧ, ವಾರದಲ್ಲಿ ಒಂದು ದಿನ ರೋಗಿಯ ಬಳಿ ಕುಳಿತು ಮನೆಯವಳಿಗೆ ನಿದ್ರೆ ದೊರಕಿಸುವ ನೆರೆಯವರು — ಇವಿಷ್ಟು ದೊರೆತರೆ ಮನೆಯೇ ಹಾಸ್ಪಿಸ್ ಆಗಬಲ್ಲದು. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ದಾವಣಗೆರೆಯ ಗಿರಣಿ ಕಾರ್ಮಿಕರ ಬಡಾವಣೆಗಳಲ್ಲಿ, ಹರಿಹರದ ಹಳೆಯ ಕೇರಿಗಳಲ್ಲಿ ತಮ್ಮವರನ್ನು ಕೊನೆಯವರೆಗೆ ನೋಡಿಕೊಂಡ ಹೆಂಗಸರು ಇನ್ನೂ ಇದ್ದಾರೆ. ಶಾಸನಗಳು ದಾನಿಗಳ ಹೆಸರನ್ನು ಉಳಿಸಿದುವು. ಇವರ ಅನುಭವವನ್ನು ಬರೆದಿಟ್ಟುಕೊಳ್ಳುವ ಕರ್ತವ್ಯ ನಮ್ಮದು.